ಪರ್ವರ್ಸ್ ಅಂದ್ರೆ ನೀವು ಅಂದುಕೊಂಡಿದ್ದಲ್ಲ!

ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಬಳ್ಳಾರಿ ಕೋರ್ಟಿನ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು, ಕೈಯಲ್ಲಿ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೋಗಬೇಕಾದ ಸೆಕೆಂಡ್ ಅಪೀಲಿನ (ಕೆಳಗಿನ ಎರಡು ಕೋರ್ಟುಗಳ ನಂತರದ ಮೇಲ್ಮನವಿಯ) ಕಾಗದ. ಕಾಲೇಜಿಗೆ ಹೋಗುವ ಮೊಮ್ಮಗ ಓದಿ ಹೇಳಿದ್ದನಂತೆ. "ಜಡ್ಜ್ ಸಾಹೇಬ್ರಿಗೆ ಪರ್ವರ್ಟ್ ಅಂತ ಬರ್ದೀರೇನ್ರೀ? ನಾಳೆ ನನ್ನ ಒಳಗ ಹಾಕಿದ್ರ ಯಾರು ಬಿಡಿಸ್ತಾರ?" ಅಂತ ನಡುಗುತ್ತಿದ್ದರು. ವಕೀಲರು ನಕ್ಕರು. "ಅದೆಲ್ಲ ಫಾರ್ಮ್ಯಾಟ್ ಯಜಮಾನ್ರೆ, ಸುಮ್ನಿರ್ರಿ."

ನನಗೆ ಉರಿದದ್ದು ಆ ನಗುವಿಗೆ.

ಅಲ್ಲಿದ್ದದ್ದು ಪರ್ವರ್ಟ್ ಅಲ್ಲ, ಕೆಳಗಿನ ಕೋರ್ಟಿನ ನಿರ್ಣಯ ಪರ್ವರ್ಸ್ ಅಂತ. ಎರಡೂ ಲ್ಯಾಟಿನ್ನಿನ ಒಂದೇ ಬೇರಿನಿಂದ ಬಂದವು, ತಿರುಚುವುದು ಅನ್ನುವ ಅರ್ಥದ್ದು. ಪರ್ವರ್ಟ್ ಅನ್ನುವುದು ವಿಕೃತ ಮನುಷ್ಯ ಅನ್ನುವ ಹೊಲಸು ಬೈಗುಳವಾಯಿತು. ಇನ್ನೊಂದಕ್ಕೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತೇವಲ್ಲ, ಆ ಕೋಣನ ಬುದ್ಧಿ ಉಳಿಯಿತು. ಸರಿ ಯಾವುದು ಅಂತ ಕಣ್ಣೆದುರಿಗೇ ಇದ್ದರೂ ಬೇಕಂತಲೇ ಉಲ್ಟಾ ಹೋಗುವುದು.

ಕೋರ್ಟಿನಲ್ಲಿ ಇದಕ್ಕೆ ಇನ್ನೂ ಬಿಗಿಯಾದ ಅರ್ಥವಿದೆ. ಸಾಕ್ಷಿಯೇ ಇಲ್ಲದೆ ಕೊಟ್ಟ ನಿರ್ಣಯ, ಮುಖ್ಯ ಸಾಕ್ಷಿಯನ್ನು ಕಣ್ಣೆತ್ತಿ ನೋಡದೆ ಕೊಟ್ಟ ನಿರ್ಣಯ, ಬುದ್ಧಿ ನೆಟ್ಟಗಿರುವ ಯಾರೂ ಮುಟ್ಟಲಾರದ ನಿರ್ಣಯ. ಬೈದಿರುವುದು ನಿರ್ಣಯವನ್ನು, ಜಡ್ಜರ ನಡತೆಯನ್ನಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಲ್ಲಿ ಸೆಕೆಂಡ್ ಅಪೀಲಿಗೆ ಹೋದರೆ ಹೈಕೋರ್ಟು ಕಾನೂನಿನ ಗಟ್ಟಿ ಪ್ರಶ್ನೆ ಇದೆಯಾ ಅಂತ ನೋಡುತ್ತದೆ. ಹೊಲ ಯಾರದು, ಬದು ಎಲ್ಲಿತ್ತು ಅಂತ ಸಾಮಾನ್ಯವಾಗಿ ಮತ್ತೆ ಕೆದಕುವುದಿಲ್ಲ. ಆ ಬಾಗಿಲನ್ನು ಸ್ವಲ್ಪವಾದರೂ ತೆರೆಸುವ ಕೆಲವೇ ಕೀಲಿಗಳಲ್ಲಿ ಈ ಪದವೂ ಒಂದು. ಅದನ್ನೇ ಫಾರ್ಮ್ಯಾಟ್ ಅಂದುಬಿಟ್ಟರಲ್ಲ!

ನಿಜ ಹೇಳಬೇಕೆಂದರೆ ಅವರು ಪಾಪ ಸತ್ಯವನ್ನೇ ಹೇಳಿದರು. ಎಷ್ಟೋ ಅಪೀಲು ಮೆಮೊಗಳಲ್ಲಿ ಪರ್ವರ್ಸ್ ಅನ್ನುವುದು ಮದುವೆ ಕಾರ್ಡಿನ ಮೇಲಿನ ಗಣಪತಿ ಇದ್ದಂತೆ, ಇರಲೇಬೇಕು ಅಂತ ಇರುತ್ತದೆ. ಯಾವ ಸಾಕ್ಷಿ ಬಿಟ್ಟರು, ಯಾವ ಪಹಣಿ ಓದಲಿಲ್ಲ, ಒಂದು ಸಾಲೂ ಇರುವುದಿಲ್ಲ.

ಇನ್ನು "ಕಕ್ಷಿದಾರನಿಗೆ ಇಂಗ್ಲಿಷ್ ಯಾಕೆ, ಗೆದ್ದರೆ ಸಾಕಲ್ವಾ" ಅನ್ನುವವರು ಬರುತ್ತಾರೆ, ಗೊತ್ತು. ಹೈಕೋರ್ಟಿನ ಭಾಷೆ ಇಂಗ್ಲಿಷ್, ಸಂವಿಧಾನದ 348ನೇ ವಿಧಿಯೇ ಹಾಗೆ ಹೇಳುತ್ತದೆ, ಒಪ್ಪಿದೆ. ಆದರೆ ವಕೀಲರು ಆ ಹಿರಿಯರ ಹತ್ತಿರ ಫೀಸು ಕೇಳಿದ್ದು ಕನ್ನಡದಲ್ಲೇ ಅಲ್ವಾ? ಅರ್ಥವನ್ನೂ ಅದೇ ಭಾಷೆಯಲ್ಲಿ ಹೇಳಬಹುದಿತ್ತು. ಎರಡು ನಿಮಿಷದ ಮಾತು. ಕೊನೆಗೆ ನಾನೇ ನಡುವೆ ಬಾಯಿ ಹಾಕಿ ಹೇಳಿದೆ (ಮನೆಯಲ್ಲಿ ನನ್ನನ್ನು ಅಡ್ಡಬಾಯಿ ಅಂತ ಸುಮ್ನೆ ಕರೆಯುವುದಿಲ್ಲ). ವಕೀಲರ ಮುಖ ಹುಣಸೇಹಣ್ಣು ತಿಂದಂತಾಯಿತು.

ಕೊಪ್ಪಳದವರು ಧಾರವಾಡಕ್ಕೆ ಹೊರಡುವ ಮುಂಚೆ, ರಾಯಚೂರಿನವರು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೊರಡುವ ಮುಂಚೆ ನಿಮ್ಮ ಕಾಗದದಲ್ಲಿ ಆ ಪದ ಹುಡುಕಿ. ಸಿಕ್ಕರೆ ಹೆದರಬೇಡಿ. ಅದರ ಕೆಳಗೆ ಬಿಟ್ಟುಹೋದ ಸಾಕ್ಷಿ ಯಾವುದು ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಬರೆಸಿ, ಆಮೇಲೆ ಬಾಕಿ ಫೀಸು ಕೊಡಿ.