ಯುದ್ಧ ನೆರೆಹೊರೆಯನ್ನು ಹತ್ತಿರ ತರುತ್ತದೆಯೇ?

ಪರ: ಒಂದು ನೋಟ್‌ಬುಕ್‌ನ ಲೆಕ್ಕ

1990ರ ಆಗಸ್ಟ್ 2ರಂದು ಇರಾಕಿನ ಸದ್ದಾಂ ಸೈನ್ಯ ಕುವೈತಿಗೆ ನುಗ್ಗಿತು. ಸಾಲ್ಮಿಯಾದ ಒಂದು ಫ್ಲಾಟಿನಲ್ಲಿ ನಾವು ಮಂಗಳೂರು ಕಡೆಯ ಐದು ಹುಡುಗರಿದ್ದೆವು. ಎದುರುಮನೆಯ ಮಲಯಾಳಿಗಳ ಜೊತೆ ಎರಡು ವರ್ಷದಲ್ಲಿ ಹತ್ತು ಮಾತು ಆಡಿದ್ದರೆ ಜಾಸ್ತಿ. ಅದೂ ಲಿಫ್ಟ್ ಕೆಟ್ಟಾಗ.

ಮೂರನೇ ದಿನ ಆ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಬಾಗಿಲು ತಟ್ಟಿದರು. "ಮೋನೇ (ಮಗನೇ), ಅಕ್ಕಿ ಎಷ್ಟಿದೆ?" ಸಾಲ ಕೇಳಲು ಬಂದಿದ್ದಾರೆ ಅಂದುಕೊಂಡು, "ಸ್ವಲ್ಪ ಮಾತ್ರ" ಎಂದೆ. ಅರ್ಧ ಚೀಲ ಮಂಚದಡಿ ಇತ್ತು. ಈಗಲೂ ನಾಚಿಕೆ. ಅವರು ಬಂದದ್ದು ಲೆಕ್ಕ ಬರೆದುಕೊಳ್ಳಲು! ಇಡೀ ಕಟ್ಟಡದ ಅಕ್ಕಿ, ಬೇಳೆ, ಗ್ಯಾಸ್ ಎಲ್ಲ ಒಂದು ನೋಟ್‌ಬುಕ್‌ನಲ್ಲಿ. ಹಾಲಿನ ಪುಡಿ ಮೊದಲು ಮಗು ಇರುವ ಮನೆಗೆ. ಸಂಜೆ ಮಂಚದಡಿಯ ಚೀಲ ತಾನಾಗಿ ಹೊರಬಂತು. ಮೇಲಿನ ಮಹಡಿಯ ಈಜಿಪ್ಟಿನವರು ಕ್ಯೂ ನಿಂತು ಕುಬ್ಬೂಸ್ (ಅರಬ್ಬರ ರೊಟ್ಟಿ) ತರುತ್ತಿದ್ದರು. ನಮ್ಮ ಮಿಡಿ ಉಪ್ಪಿನಕಾಯಿ ತಿಂದು ಕಣ್ಣೀರು ಸುರಿಸುತ್ತಿದ್ದರು.

ಎರಡು ವರ್ಷದಲ್ಲಿ ಆಗದ್ದು ಮೂರು ದಿನದಲ್ಲಿ ಆಯಿತು, ಅಲ್ವಾ? ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳು ಊರಿಗೆ ತಂದವು, ನಿಜ. ವಿಮಾನ ಹತ್ತುವ ತನಕ ನಮ್ಮನ್ನು ಬದುಕಿಸಿದ್ದು ಆ ನೋಟ್‌ಬುಕ್. ಲೂಟಿ ಮಾಡಿದವರೂ ಇದ್ದರಲ್ಲ ಎನ್ನುತ್ತಾರೆ. ಇದ್ದಿರಬಹುದು. ನಮ್ಮ ಕಟ್ಟಡದಲ್ಲಿ ಇರಲಿಲ್ಲ.

ವಿರೋಧ: ಗಂಜಿ ಆಯಿತು, ಆಮೇಲೆ?

ವಿರೋಧವಾಗಿ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ನಾನು ಕುವೈತ್ ನೋಡಿದವನಲ್ಲ. ಚೇಚಿಯ ಬಗ್ಗೆ ತಕರಾರೂ ಇಲ್ಲ. ಆದರೆ ಒಟ್ಟಿಗೆ ಉಂಡವರೆಲ್ಲ ಒಂದಾಗುತ್ತಾರೆ ಅನ್ನುವುದಾದರೆ, ಪ್ರತಿ ಜಾತ್ರೆಯ ಊಟದ ಪಂಕ್ತಿಯಲ್ಲೂ ಜಾತಿ ಹೋಗಿರಬೇಕಿತ್ತು.

ಯುದ್ಧಕ್ಕೆ ಮೊದಲು ಕುವೈತಿನಲ್ಲಿ ಸುಮಾರು 4 ಲಕ್ಷ ಪ್ಯಾಲೆಸ್ಟೀನಿಯರಿದ್ದರು. ಮೇಷ್ಟ್ರುಗಳು, ಇಂಜಿನಿಯರುಗಳು, ಗುಮಾಸ್ತರು. ಅವರ ನಾಯಕ ಅರಾಫತ್ ಸದ್ದಾಂ ಕಡೆ ವಾಲಿದರು, ಅನುಭವಿಸಿದ್ದು ಇವರು. ಎಷ್ಟೋ ಜನ ಯುದ್ಧದ ತಿಂಗಳುಗಳಲ್ಲೇ ಹೊರಟಿದ್ದರು. 1991ರಲ್ಲಿ ಇರಾಕಿಗಳು ಓಡಿದ ಮೇಲೆ ಉಳಿದವರನ್ನೂ ಕುವೈತಿಗಳು ದ್ರೋಹಿಗಳಂತೆ ಕಂಡರು. ಹೊಡೆತ, ಬಂಧನ, ಕೆಲವರ ಕೊಲೆ. ಕೊನೆಗೆ ಉಳಿದದ್ದು ಕೆಲವು ಹತ್ತು ಸಾವಿರ ಮಂದಿ. ಆಕ್ರಮಣದ ದಿನಗಳಲ್ಲಿ ಕುವೈತಿಗಳಿಗೆ ನೆರವಾದವರೂ ಅವರಲ್ಲಿದ್ದರು. ಆ ಲೆಕ್ಕ ಯಾವ ನೋಟ್‌ಬುಕ್‌ನಲ್ಲೂ ಬರಲಿಲ್ಲ.

ಅಂದಹಾಗೆ, ಪರ ಬರೆದ ಗೆಳೆಯರು ಊರಿಗೆ ಬಂದಮೇಲೆ ಚೇಚಿಗೆ ಒಂದು ಕಾಗದವಾದರೂ ಹಾಕಿದ್ದರಾ?