‘ಒನ್ನುಂ ಆವೂಲ’ ಅಂತ ಹೇಳಿ ಮೀನು ಮಾರುವವರೇ

ಹನ್ನೆರಡು ಗಂಟೆಗೆ ಎರಡಡಿ ಟ್ಯಾಂಕು. ಹನ್ನೆರಡೂ ಕಾಲಿಗೆ ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಮೊಸಳೆ. ಹನ್ನೆರಡೂವರೆಗೆ ಕವರಲ್ಲಿ ಮೀನು: ಎರಡು ಗೋಲ್ಡ್‌ಫಿಶ್, ಎರಡು ಏಂಜಲ್, ನಾಲ್ಕು ಟೈಗರ್ ಬಾರ್ಬ್, ಎರಡು ಜೋಡಿ ಗಪ್ಪಿ, ಎರಡು ‘ಶಾರ್ಕ್’, ಗಾಜು ನೆಕ್ಕಲಿಕ್ಕೆ ಒಂದು ಸಕ್ಕರ್. ಕಾಸರಗೋಡು ಕಡೆಯ ಎಷ್ಟೋ ಅಕ್ವೇರಿಯಂ ಅಂಗಡಿಗಳಲ್ಲಿ ಇದಕ್ಕೆ ‘ಸೆಟ್’ ಅಂತ ಹೆಸರು. ಇವೆಲ್ಲ ಒಟ್ಟಿಗೆ ಇರ್ತಾವಾ ಅಂತ ಕೇಳಿದರೆ ಉತ್ತರ ಒಂದೇ, “ಒನ್ನುಂ ಆವೂಲ.” ಎಂತದೂ ಆಗುದಿಲ್ಲವಂತೆ! ಹತ್ತು ದಿನ ಕಳೆದು ಮೀನೆಲ್ಲ ಮಗುಚಿ ತೇಲಿದ ಮೇಲೆ ಅದೇ ಬಾಯಿ ಹೇಳುದು, “ನಿಮ್ಮ ಬಾವಿ ನೀರು ಸರಿ ಇಲ್ಲ.”

ಬಾವಿ ನೀರಿಗೆ ಎಂತ ಆಗಿದೆ ಮಾರ್ರೆ? ಅದು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೀರು. ಮೆದು, ಸ್ವಲ್ಪ ಹುಳಿ, ಪಿಎಚ್ (ಹುಳಿ ಅಳೆಯುವ ಅಂಕಿ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 6ರ ಆಸುಪಾಸು. ಪೆರ್ಲ, ಬಾಯಾರು ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರೂ ಹಾಗೆಯೇ. ಅಂಥ ನೀರಿಗೆ ಗಡಸು ನೀರು ಬೇಕಾಗುವ ಗಪ್ಪಿ, ಮೋಲಿ ಮಾರಿದ್ದು ಯಾರು? ಮೋಲಿ ನಿಂತಲ್ಲೇ ನಡುಗುತ್ತದೆ, ರೆಕ್ಕೆ ಮಡಚಿ ಮೂಲೆ ಸೇರುತ್ತದೆ. ಅದು ರೋಗ ಅಲ್ಲ, ನೀರು ಹೊಂದದ್ದು. ಬಾವಿ ಬದಲಿಸಲಿಕ್ಕೆ ಆಗುದಿಲ್ಲ, ಮೀನು ಬದಲಿಸಬಹುದಿತ್ತು.

ಒಟ್ಟಿಗೆ ಹಾಕಿದ ಮೀನುಗಳ ಸಂಗತಿ ಇನ್ನೂ ಚಂದ. ಗೋಲ್ಡ್‌ಫಿಶ್ ತಂಪು ನೀರಿನದ್ದು, 20 ಡಿಗ್ರಿ ಸುತ್ತ ಇದ್ದರೆ ಅದಕ್ಕೆ ಸುಖ. ನಮ್ಮಲ್ಲಿ ಏಪ್ರಿಲಿನಲ್ಲಿ ಟ್ಯಾಂಕಿನ ನೀರೇ 30 ದಾಟುತ್ತದೆ. ಟೈಗರ್ ಬಾರ್ಬ್ ನಾಲ್ಕೇ ಇದ್ದರೆ ತಮ್ಮೊಳಗಿನ ಜಗಳ ಬಿಟ್ಟು ಏಂಜಲಿನ ಉದ್ದ ರೆಕ್ಕೆ ಚೂರು ಚೂರು ಕೀಳುತ್ತವೆ. ಏಂಜಲ್ ಬೆಳೆದ ಮೇಲೆ ಗಪ್ಪಿ ಮರಿ ಅದರ ಊಟ. ಶಾರ್ಕ್ ಅಂತ ಕೊಡುವುದು ಶಾರ್ಕೇ ಅಲ್ಲ, ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್. ಒಂದು ಮೀಟರ್ ದಾಟಿ ಬೆಳೆಯುವ ಜಾತಿ. ಬೆರಳುದ್ದದ ಸಕ್ಕರ್ ಒಂದೂವರೆ ಅಡಿಯವರೆಗೆ ಹೋಗುತ್ತದೆ, ಪಾಚಿ ತಿನ್ನುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಕೊನೆಗೆ ಅದನ್ನು ಪಯಸ್ವಿನಿಗೋ ತೋಟದ ಕೆರೆಗೋ ಬಿಟ್ಟು ಬರ್ತಾರೆ. ಕೇರಳದ ಹೊಳೆಗಳಲ್ಲಿ ಸಕ್ಕರ್ ಈಗಾಗಲೇ ತುಂಬಿರುವುದು ಹೀಗೇ. ಇನ್ನು ‘ಮಿಸ್ ಕೇರಳ’. ಅದು ನಮ್ಮ ಚಂದ್ರಗಿರಿ ಹೊಳೆಯದ್ದೇ ಮೀನು. ಹರಿಯುವ ತಂಪು ನೀರು, ಆರಕ್ಕೆ ಕಡಿಮೆ ಇಲ್ಲದ ಗುಂಪು, ನಾಲ್ಕಡಿ ಟ್ಯಾಂಕು ಬೇಕು. ಎರಡಡಿ ಪೆಟ್ಟಿಗೆಗೆ ಮೂರು ಮರಿ ಹಾಕಿಕೊಡುವವರಿಗೆ ಎಂತ ಹೇಳುದು?

ಲೆಕ್ಕವನ್ನಾದರೂ ಸರಿ ಹೇಳ್ತಾರಾ? 2×1×1 ಅಡಿ ಟ್ಯಾಂಕು ಅಂಚಿನವರೆಗೆ ತುಂಬಿದರೆ 56 ಲೀಟರ್. ಮೇಲೆ ಒಂದೂವರೆ ಇಂಚು ಬಿಟ್ಟು, ಕಲ್ಲು ಹಾಕಿದ ಮೇಲೆ ಉಳಿಯುವ ನೀರು ಸುಮಾರು 45. ಅದಕ್ಕೆ ಹದಿನೈದು ಮೀನು!

ಆದರೆ ಮೀನು ಸಾಯುವ ದೊಡ್ಡ ಕಾರಣ ಜಗಳವೂ ಅಲ್ಲ, ಜಾಗವೂ ಅಲ್ಲ. ಟ್ಯಾಂಕು ಮತ್ತು ಮೀನು ಒಂದೇ ದಿನ ಮಾರುವುದು. ಮೀನಿನ ಮಲ, ಉಳಿದ ತಿಂಡಿಯಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಕೂರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಮೊದಲಿನ ಎರಡೂ ವಿಷ. ಕೊನೆಯದ್ದನ್ನು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ ತೆಗೆಯಬಹುದು. ಹೊಸ ಸ್ಪಂಜಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗಲಿಕ್ಕೆ ನಾಲ್ಕರಿಂದ ಆರು ವಾರ. ಅಷ್ಟು ದಿನ ಮೀನಿಲ್ಲದೆ ಫಿಲ್ಟರ್ ಓಡಿಸಿ ದಿನಾ ಒಂದು ಚಿಟಿಕೆ ತಿಂಡಿ ಹಾಕಿ ಕೊಳೆಯಿಸಬೇಕು. ರೋಗವಿಲ್ಲದ ಹಳೇ ಟ್ಯಾಂಕಿನ ಸ್ಪಂಜು ತುಂಡು ಸಿಕ್ಕಿದರೆ ಬೇಗ ಆದೀತು. ಹನಿ ಹಾಕಿ ನೋಡುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಇಳಿದು ಸೊನ್ನೆಯಲ್ಲಿ ನಿಂತ ಮೇಲೆ ಅರ್ಧ ಮೀನು, ಎರಡು ವಾರ ಬಿಟ್ಟು ಉಳಿದದ್ದು. ಇದನ್ನು ಹೇಳಿದರೆ ಅವತ್ತಿನ ಮೀನಿನ ವ್ಯಾಪಾರ ಹೋಗ್ತದಲ್ಲ, ಹಾಗಾಗಿ ಹೇಳುದಿಲ್ಲ.

ನಮ್ಮ ನೀರಿಗೆ ಇಲ್ಲಿ ಇನ್ನೊಂದು ತೊಡಕು ಉಂಟು. ಪಿಎಚ್ 6ರ ಕೆಳಗೆ ಇಳಿದರೆ ಆ ಬ್ಯಾಕ್ಟೀರಿಯಾದ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹುಳಿ ನೀರಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನು ಹೇಗೋ ತಡೆದುಕೊಂಡಿರುತ್ತದೆ. ಆಗ ಯಾರೋ ಬುದ್ಧಿವಂತರು ಸುಣ್ಣ ಹಾಕಿ ಅಂತಾರೆ. ಪಿಎಚ್ ಒಮ್ಮೆಲೇ ಮೇಲೆ ಹಾರಿ ಅಷ್ಟೂ ಅಮೋನಿಯಂ ವಿಷದ ಅಮೋನಿಯಾ ಆಗುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಮೀನು ಖಾಲಿ. ಮಾಡಬೇಕಾದ್ದು ಸಣ್ಣ ಕೆಲಸ. ಅಡುಗೆ ಮಾಡಿ ಉಳಿದ ಮರುವಾಯಿ ಚಿಪ್ಪನ್ನು ಚೆನ್ನಾಗಿ ಕುದಿಸಿ, ಉಜ್ಜಿ ತೊಳೆದು, ಜಜ್ಜಿ ಒಂದು ಮುಷ್ಟಿಯಷ್ಟು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಹತ್ತಿರ ಇಡುವುದು, ಅದೂ ಮೀನು ಬಿಡುವ ಮೊದಲೇ. ನಿಧಾನಕ್ಕೆ ಕರಗಿ ಪಿಎಚ್ ಕುಸಿಯದ ಹಾಗೆ ಹಿಡಿದಿಡುತ್ತದೆ. ಕಡಲ ಬದಿಯ ಊರಲ್ಲಿ ಚಿಪ್ಪಿಗೆ ಬರವಾ? ಇಲ್ಲ, ಅಂಗಡಿಯವರು ಬಾಟ್ಲಿಯಲ್ಲಿ ‘ಪಿಎಚ್ ಪ್ಲಸ್’ ಕೊಡ್ತಾರೆ.

ಬಾಟ್ಲಿ ಅಂದಾಗ ನೆನಪಾಯಿತು, ಆ ನೀಲಿ ಮದ್ದು. ಬಿಳಿ ಚುಕ್ಕೆಗೂ ಅದೇ, ರೆಕ್ಕೆ ಕೊಳೆತರೂ ಅದೇ, ಮೀನು ಸುಮ್ಮನೆ ಕೂತರೂ ಅದೇ. ಅದು ಮಿಥಿಲೀನ್ ಬ್ಲೂ. ಬೇರೆ ಬಕೆಟ್ಟಿನಲ್ಲಿ ಚಿಕಿತ್ಸೆಗೆ ಬಳಸುವಂಥದ್ದು. ಮುಖ್ಯ ಟ್ಯಾಂಕಿಗೆ ಸುರಿದರೆ ಕಷ್ಟಪಟ್ಟು ಬೆಳೆದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಮತ್ತೆ ಅಮೋನಿಯಾ, ಮತ್ತೆ ಸಾವು, ಮತ್ತೆ ಅದೇ ಅಂಗಡಿಗೆ ಗಿರಾಕಿ. ‘ತಿಂಗಳಿಗೊಮ್ಮೆ ಪೂರ್ತಿ ನೀರು ಚೆಲ್ಲಿ, ಸ್ಪಂಜನ್ನು ನಳ್ಳಿಯಡಿ ಬಿಳಿ ಬರುವವರೆಗೆ ತೊಳೆಯಿರಿ’ ಎನ್ನುವ ಉಪದೇಶದ ಫಲವೂ ಇದೇ. ಸ್ಪಂಜನ್ನು ಟ್ಯಾಂಕಿಂದ ತೆಗೆದ ನೀರಲ್ಲೇ ಹಿಂಡಿ ಹಾಕಿದರೆ ಸಾಕು.

ಹೀಟರ್ ಯಾಕೆ ಮಾರ್ತಾರೋ ದೇವರಿಗೇ ಗೊತ್ತು, ಕರಾವಳಿಯ ಸೆಕೆಗೆ! ಅದರ ಬದಲು ಏರ್ ಪಂಪಿನ ನಳಿಕೆಗೆ ಒಂದು ನಾನ್-ರಿಟರ್ನ್ ವಾಲ್ವ್ ಕೊಡಬಹುದಿತ್ತು. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟು ಹೋದರೆ ನೀರು ನಳಿಕೆಯಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ ನುಗ್ಗುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕರೆಂಟಿನ ಅವಸ್ಥೆ ಗೊತ್ತೇ ಉಂಟಲ್ಲ. ಸ್ಪಂಜ್ ಫಿಲ್ಟರ್, ಬ್ಯಾಟರಿ ಇರುವ ಏರ್ ಪಂಪ್, ಆ ವಾಲ್ವ್, ಇಷ್ಟಿದ್ದರೆ ಎರಡಡಿ ಟ್ಯಾಂಕಿಗೆ ಧಾರಾಳ.

ಈ ನೀರಿಗೆ, ಈ ಗಾತ್ರಕ್ಕೆ ಯಾವ ಮೀನು ಅಂತ ಕೇಳಿದರೆ ಎಂಟು ಚೆರ್ರಿ ಬಾರ್ಬ್ ಇಲ್ಲವೇ ಎಂಟು ಹಾರ್ಲೆಕ್ವಿನ್ ರಸ್ಬೋರಾ, ಜೊತೆಗೆ ಒಂದು ಜೋಡಿ ಹನಿ ಗೌರಾಮಿ. ಬೇಸಗೆಯಲ್ಲಿ ಮುಚ್ಚಳ ಸ್ವಲ್ಪ ತೆರೆದಿಟ್ಟು, ಮೇಲೆ ಬಲೆ ಕಟ್ಟಿ, ನೀರಿನ ಮೇಲೆ ಸಣ್ಣ ಫ್ಯಾನಿನ ಗಾಳಿ ಹಾಯಿಸಬೇಕು. ಇವೇನು ಸಿಗದ ಮೀನಲ್ಲ. ಆದರೆ ಜೋರು ಬಣ್ಣ ಇಲ್ಲ, ‘ಸೆಟ್’ನಲ್ಲಿ ಇಲ್ಲ.

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಬೀಳುತ್ತದೆ, ಬೀಳಲೇ ಬೇಕು, ಅದು ಮನೆಯವರ ಆರೋಗ್ಯಕ್ಕೆ. ಅದರ ಮರುದಿನ ಟ್ಯಾಂಕಿನ ನೀರು ಬದಲಿಸಿದರೆ ಕ್ಲೋರಿನ್ ಮೀನಿನ ಕಿವಿರು ಸುಟ್ಟುಬಿಡುತ್ತದೆ. ನೀರನ್ನು ಡ್ರಮ್ಮಿನಲ್ಲಿ ಏರ್ ಪಂಪ್ ಹಾಕಿ ಎರಡು ಮೂರು ದಿನ ಇಟ್ಟು, ವಾಸನೆ ಹೋದ ಮೇಲೂ ಆಂಟಿ-ಕ್ಲೋರಿನ್ ಹನಿ ಬೆರೆಸಿಯೇ ಟ್ಯಾಂಕಿಗೆ ಹಾಕಬೇಕು. ಈ ಒಂದು ಮಾತು ಬಾಯಿ ಬಿಟ್ಟು ಹೇಳಲಿಕ್ಕೆ ಎಂತ ಖರ್ಚು? ಆಂಟಿ-ಕ್ಲೋರಿನ್ ಬಾಟ್ಲಿ ಅವರ ಶೆಲ್ಫಿನಲ್ಲೇ ಉಂಟು, ನೀಲಿ ಮದ್ದಿನ ಹಿಂದೆ, ಧೂಳು ಹಿಡಿದುಕೊಂಡು.