ನಾಲ್ಕಕ್ಷರದ ಹೆಸರಿಗೆ ಮೂರು ಲಕ್ಷ ಹಾಕುವ ಮುನ್ನ

ಅಕ್ಕನ ಮಗ ಕಳೆದ ಭಾನುವಾರ ದಾವಣಗೆರೆಯಿಂದ ಫೋನ್ ಮಾಡಿದ್ದ. ದುಡಿದು ಕೂಡಿಟ್ಟ ಮೂರು ಲಕ್ಷ ರೂಪಾಯಿ ಅವನ ಬಳಿ ಇದೆ. ಅದರಲ್ಲಿ ನಾಲ್ಕಕ್ಷರದ ಡಾಟ್ ಕಾಮ್ ಹೆಸರುಗಳನ್ನು, ಅಂದರೆ ಡೊಮೈನ್ ಎನ್ನುವ ವೆಬ್‌ಸೈಟ್ ವಿಳಾಸಗಳನ್ನು, ಕೊಂಡಿಡುತ್ತಾನಂತೆ. "ಮಾಮ, ಇದು ಇಂಟರ್‌ನೆಟ್ಟಿನಲ್ಲಿ ಮನೆ ಕಟ್ಟುವ ಸೈಟು ಕೊಂಡಂತೆ. ಐದು ವರ್ಷ ಸುಮ್ಮನೆ ಬಿಟ್ಟರೆ ಸಾಕು" ಎಂದ. ನನಗೆ ಎದೆ ಧಸಕ್ಕೆಂದಿತು. 2015ರ ನವೆಂಬರಿನಲ್ಲಿ ಇದೇ ಮಾತನ್ನು ನಾನು ನನ್ನ ಹೆಂಡತಿಗೆ ಹೇಳಿದ್ದೆ. ಫೋನಿನಲ್ಲಿ ಅವನಿಗೆ ಎಲ್ಲವನ್ನೂ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅವನಂತೆ ಯೋಚಿಸುತ್ತಿರುವವರೂ ಓದಲಿ.

ಅವನ ಲೆಕ್ಕ ಪೂರ್ತಿ ತಪ್ಪೇನಲ್ಲ. ಇಂಗ್ಲಿಷಿನ 26 ಅಕ್ಷರಗಳಿಂದ ಎರಡಕ್ಷರದ ಹೆಸರುಗಳು 676 ಮಾತ್ರ ಆಗುತ್ತವೆ. ಮೂರಕ್ಷರದವು 17,576, ನಾಲ್ಕಕ್ಷರದವು 4,56,976. ಡಾಟ್ ಕಾಮ್‌ನಲ್ಲಿ ಇವೆಲ್ಲವೂ ಎಂದೋ ಯಾರದೋ ಕೈ ಸೇರಿವೆ. ಒಂದಕ್ಷರದವಂತೂ 1993ರಲ್ಲಿ ಮಿಕ್ಕವನ್ನೆಲ್ಲ ಯಾರಿಗೂ ಕೊಡದೆ ಕಾದಿರಿಸಿದ ಮೇಲೆ ಎಕ್ಸ್, ಕ್ಯೂ, ಜೆಡ್ ಈ ಮೂರು ಮಾತ್ರ ಬಳಕೆಯಲ್ಲಿ ಉಳಿದವು. ಹೊಸದಾಗಿ ಹುಟ್ಟಿಸಲಾಗದ ವಸ್ತುವಿಗೆ ಬೆಲೆ ಬರುವುದು ಸಹಜ. ಆದರೆ ಆ ಬೆಲೆ ಯಾರ ಜೇಬಿಗೆ ಹೋಯಿತು ಎಂದು ನೋಡಬೇಕು.

ಫೇಸ್‌ಬುಕ್ 2010ರಲ್ಲಿ ಎಫ್‌ಬಿ ಡಾಟ್ ಕಾಮ್ ಹೆಸರನ್ನು 85 ಲಕ್ಷ ಡಾಲರಿಗೆ ಕೊಂಡಿತು. ಮಾರಿದ್ದು ಅಮೆರಿಕದ ರೈತರ ಸಂಘಟನೆ, ಫಾರ್ಮ್ ಬ್ಯೂರೋ. ಮುಂದೆ ಬೆಲೆ ಬರುತ್ತದೆಂದು ಅವರು ಅದನ್ನು ಇಟ್ಟುಕೊಂಡಿರಲಿಲ್ಲ. ತಮ್ಮ ಸಂಘದ ಹೆಸರಿನ ಮೊದಲಕ್ಷರಗಳೆಂದು ಇಟ್ಟುಕೊಂಡಿದ್ದರು. ಜೆಡ್ ಡಾಟ್ ಕಾಮ್ ನಿಸ್ಸಾನ್ ಕಂಪನಿಯ ಬಳಿ ಇತ್ತು. ಅವರ ಹೆಸರುವಾಸಿ ಕಾರಿನ ಹೆಸರು ಜೆಡ್. 2014ರಲ್ಲಿ ಜಪಾನಿನ ಜಿಎಂಒ ಕಂಪನಿ ಅದಕ್ಕೆ 80 ಕೋಟಿ ಯೆನ್ ಕೊಟ್ಟಿತು. 2015ರಲ್ಲಿ ಚೀನಾದ ಕಂಪನಿಯೊಂದು 1 ಕೋಟಿ 70 ಲಕ್ಷ ಡಾಲರ್ ಕೊಟ್ಟು ಕೊಂಡ 360 ಡಾಟ್ ಕಾಮ್ ಅದಕ್ಕೂ ಮೊದಲು ವೋಡಾಫೋನ್‌ನದಾಗಿತ್ತು. ಇವರೆಲ್ಲರೂ ಹೆಸರನ್ನು ಬಳಸಲು ಇಟ್ಟುಕೊಂಡವರು. ಕೊಳ್ಳಲು ಬಂದವನಿಗೂ ಆ ಹೆಸರೇ ಬೇಕಿತ್ತು, ಪಕ್ಕದ್ದು ಸಾಲುತ್ತಿರಲಿಲ್ಲ. ಟೆಸ್ಲಾ ಕಂಪನಿ ತನ್ನ ಹೆಸರಿನ ಡಾಟ್ ಕಾಮ್ ಪಡೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮತ್ತು 1 ಕೋಟಿ 10 ಲಕ್ಷ ಡಾಲರ್ ಹಿಡಿಯಿತು ಎಂದು ಎಲಾನ್ ಮಸ್ಕ್ ಹೇಳಿದ್ದಾರೆ. ಆ ಹೆಸರಿಗೆ ಅಷ್ಟು ಹಣ ಕೊಡುವ ಗಿರಾಕಿ ಜಗತ್ತಿನಲ್ಲಿ ಒಬ್ಬನೇ ಇದ್ದ. ನನ್ನ ಹೆಸರುಗಳಿಗೆ ಅಂಥ ಒಬ್ಬನೂ ಇರಲಿಲ್ಲ.

ನಾನು ಕೊಂಡಿದ್ದು ಚೀನಾದ ಉಬ್ಬರದಲ್ಲಿ. ಆಗ ಸ್ವರಾಕ್ಷರಗಳೂ ವಿ ಅಕ್ಷರವೂ ಇಲ್ಲದ ಸಣ್ಣ ಹೆಸರುಗಳಿಗೆ ಮುಗಿಬಿದ್ದಿದ್ದರು. ಕಾರಣ ಸರಳ. ಚೀನೀ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆದು ಮೊದಲಕ್ಷರಗಳನ್ನು ಜೋಡಿಸಿದರೆ ಹೆಚ್ಚಾಗಿ ವ್ಯಂಜನಗಳೇ ಸಿಗುತ್ತವೆ. ಜಿಂಗ್‌ಡಾಂಗ್ ಎಂಬ ದೊಡ್ಡ ಮಳಿಗೆ 2013ರಲ್ಲಿ ಜೆಡಿ ಡಾಟ್ ಕಾಮ್‌ಗೆ ಬಂದದ್ದು ಹಾಗೆಯೇ. ಸಂಖ್ಯೆಗಳಿಗೂ ಅಲ್ಲಿ ಬೇಡಿಕೆ, 8 ಇದ್ದರೆ ಶುಭ, 4 ಇದ್ದರೆ ಅಶುಭ. ದಿನ ಬೆಳಗಾದರೆ ದರ ಏರುತ್ತಿತ್ತು. ನಾನು ನಾಲ್ಕು ಹೆಸರುಗಳನ್ನು ಒಂದೊಂದಕ್ಕೆ 60 ಸಾವಿರದಂತೆ ಕೊಂಡೆ. ನಾಲ್ಕೂ ಬಾಯಲ್ಲಿ ಹೇಳಲು ಬಾರದ ವ್ಯಂಜನದ ಮುದ್ದೆಗಳು. 2016ರಲ್ಲಿ ದರ ಕುಸಿಯಿತು. ಕೊಂಡವರಲ್ಲಿ ಬಹುಪಾಲು ಜನ ಮತ್ತೊಬ್ಬರಿಗೆ ಮಾರಲೆಂದೇ ಕೊಂಡಿದ್ದೆವು, ಅದನ್ನು ಹಾಕಿಕೊಂಡು ಅಂಗಡಿ ತೆರೆಯುವವನು ಯಾರೂ ಇರಲಿಲ್ಲ. 2018ರಲ್ಲಿ ಎರಡನ್ನು ತಲಾ 20 ಸಾವಿರಕ್ಕೆ ಮಾರಿದೆ. ಮಿಕ್ಕ ಎರಡು ಇನ್ನೂ ನನ್ನ ಬಳಿ ಇವೆ.

ಸೈಟಿನ ಹೋಲಿಕೆ ಮೋಸ ಮಾಡುವುದು ಇಲ್ಲೇ. ಮಾರಾಟವಾಗದ ಸೈಟಿನಲ್ಲಿ ಮನೆ ಕಟ್ಟಿಕೊಂಡು ಇರಬಹುದು. ಅರ್ಥವಿಲ್ಲದ ನಾಲ್ಕು ವ್ಯಂಜನಗಳಲ್ಲಿ ಏನು ಕಟ್ಟುವುದು? ಮೇಲಾಗಿ ಹೆಸರಿಗೆ ಖಾತೆ ಇಲ್ಲ, ಕ್ರಯಪತ್ರವಿಲ್ಲ, ಅದು ಗುತ್ತಿಗೆ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷಕ್ಕೆ ಕಟ್ಟಬಹುದು, ಆಮೇಲೆ ಮತ್ತೆ ಕಟ್ಟಬೇಕು. ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿಯ ಸಗಟು ದರವೇ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 10.26 ಡಾಲರ್ ಆಗಿತ್ತು. ಡಾಟ್ ಎಐ ಹೆಸರುಗಳಿಗೆ ಬಾಡಿಗೆ ಇನ್ನೂ ಹೆಚ್ಚು. ಆ ಎರಡಕ್ಷರ ಕೆರಿಬಿಯನ್ನಿನ ಅಂಗ್ವಿಲಾ ಎಂಬ ಪುಟ್ಟ ದ್ವೀಪದ ಗುರುತು. 2023ರಲ್ಲಿ ಅಲ್ಲಿನ ಸರ್ಕಾರದ ಆದಾಯದಲ್ಲಿ ಸುಮಾರು ಐದನೇ ಒಂದು ಪಾಲು ಈ ಹೆಸರುಗಳಿಂದಲೇ ಬಂತು. ದ್ವೀಪದವರಿಗೆ ಒಳ್ಳೆಯದಾಗಲಿ. ಆದರೆ ವರ್ಷವರ್ಷವೂ ಖಚಿತವಾಗಿ ಹಣ ಬರುತ್ತಿರುವುದು ಜಮೀನ್ದಾರನಿಗೆ, ಗೇಣಿದಾರನಿಗಲ್ಲ.

ಹೆಸರಾಂತ ಕಂಪನಿಯ ಹೆಸರನ್ನೇ ಕೊಂಚ ತಿರುಚಿ ಕೊಂಡಿಡುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಡೊಮೈನ್ ಹೆಸರಿಗೂ ವ್ಯಾಪಾರದ ಗುರುತಿನಂತೆಯೇ ರಕ್ಷಣೆ ಉಂಟು ಎಂದಿದೆ. ಅದು ಹೂಡಿಕೆಯಲ್ಲ, ನೋಟಿಸನ್ನು ಮನೆಗೆ ಕರೆದಂತೆ.

ಹಾಗಾದರೆ ಚಿಕ್ಕ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ, ತುಂಬಾ ಇದೆ. ಹದಿನೈದು ವರ್ಷದಿಂದ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಅಕ್ಷರ ಎಷ್ಟಿವೆ ಎನ್ನುವುದಕ್ಕಿಂತ, ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡುತ್ತಾರೆಯೇ ಎಂಬುದು ದೊಡ್ಡದು. ಕನ್ನಡದ ಹೆಸರುಗಳಲ್ಲಿ ಇದು ಇನ್ನೂ ಕಷ್ಟ. 'ದೋಸೆ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕೊನೆಗೆ ಎ ಹಾಕಬೇಕೋ ಇ ಹಾಕಬೇಕೋ? 'ಅಡುಗೆ'ಯ ನಡುವೆ ಐ ಬರುತ್ತದೋ ಯು ಬರುತ್ತದೋ? ಲ ಮತ್ತು ಳ ಎರಡಕ್ಕೂ ಅಲ್ಲಿ ಒಂದೇ ಅಕ್ಷರ. ಮೂರು ಜನ ಮೂರು ರೀತಿ ಬರೆಯುತ್ತಾರೆ. ಎಲ್ಲರೂ ಒಂದೇ ರೀತಿ ಬರೆಯುವ ಚಿಕ್ಕ ಕನ್ನಡ ಪದ ಸಿಕ್ಕರೆ, ಅದನ್ನು ಬಳಸುವವನಿಗೆ ಅದು ನಿಜವಾದ ಆಸ್ತಿ.

ಆ ಆಸ್ತಿ ಕಳೆದುಹೋದದ್ದನ್ನೂ ಕಂಡಿದ್ದೇನೆ. ನನ್ನ ಗಿರಾಕಿಯೊಬ್ಬರು ಎಂಟು ವರ್ಷ ಒಂದೇ ಹೆಸರಿನಲ್ಲಿ ಉಪ್ಪಿನಕಾಯಿ ಮಾರಿದರು. ನವೀಕರಣದ ಪತ್ರಗಳೆಲ್ಲ ಕೆಲಸ ಬಿಟ್ಟು ಹೋದ ಹುಡುಗನ ಇಮೇಲ್‌ಗೆ ಹೋಗುತ್ತಿದ್ದವು. ಅವಧಿ ಮುಗಿದ ಮೇಲೂ ಉಳಿಸಿಕೊಳ್ಳಲು ಕೆಲವು ವಾರ ಇರುತ್ತವೆ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು ಮತ್ತೆ 30 ದಿನ ಸಿಗುತ್ತದೆ. ಅದೂ ಕಳೆಯಿತು. ಕೊನೆಯ ಐದು ದಿನದ ನಂತರ ಹೆಸರು ಬಿಡುಗಡೆಯಾದ ಕೂಡಲೇ ಬೇರೆ ಯಾರೋ ಹಿಡಿದುಕೊಂಡರು. ಡಬ್ಬಿಗಳಿಗೆಂದು ಅಚ್ಚಾಗಿದ್ದ ಹತ್ತು ಸಾವಿರ ಲೇಬಲ್‌ಗಳಲ್ಲಿ ಒಂದನ್ನು ಆ ತಾಯಿ ಕೈಯಲ್ಲಿ ಹಿಡಿದು ನನ್ನ ಮುಂದೆ ಕುಳಿತದ್ದು ಮರೆಯುವುದಿಲ್ಲ. ನಾನು ಮೊದಲೇ ವಿಚಾರಿಸಬೇಕಿತ್ತು. ಈಗ ಎಲ್ಲ ಗಿರಾಕಿಗಳ ನವೀಕರಣದ ದಿನಾಂಕಗಳೂ ನನ್ನ ಮೇಜಿನ ಎದುರಿನ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿವೆ.

ಅಕ್ಕನ ಮಗನಿಗೆ ಬೈಕ್ ಸರ್ವೀಸ್ ಅಂಗಡಿ ತೆರೆಯುವ ಆಸೆ ಬಹಳ ವರ್ಷದಿಂದ ಇದೆ. ಮಗು, ಆ ಅಂಗಡಿಗೆ ಒಂದು ಹೆಸರು ಹುಡುಕೋಣ. ಡಾಟ್ ಇನ್ ಆದರೂ ಸರಿ, ನಿನ್ನ ಇಮೇಲ್‌ನಲ್ಲೇ, ಹತ್ತು ವರ್ಷಕ್ಕೆ ಕಟ್ಟೋಣ. ಮಿಕ್ಕ ಹಣಕ್ಕೆ ಲಿಫ್ಟ್ ಮತ್ತು ಕಂಪ್ರೆಸರ್ ಬರುತ್ತದೆ. ಮುಂದಿನ ಭಾನುವಾರ ನಾನೇ ದಾವಣಗೆರೆಗೆ ಬರುತ್ತೇನೆ, ಹೆಸರುಗಳನ್ನು ಬರೆದಿಟ್ಟಿರು. ಒಂದೊಂದನ್ನೂ ಅಜ್ಜಿಗೆ ಫೋನಿನಲ್ಲಿ ಹೇಳಿ ನೋಡೋಣ.